ಕಿಟಕಿಯಲ್ಲಿ ನೀರು, ಕಾಲಿಗೆ ಚಳಿ: ಅರವತ್ತು ದಾಟಿದ ಗಾಜಿನ ಕಟ್ಟಡವನ್ನು ಏನು ಮಾಡಬೇಕು?

ಓದುಗರ ಪ್ರಶ್ನೆ: ನಾನು ಹಾಸನದವಳು, ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಮೂವರು ಸೇರಿ ಸಣ್ಣ ಆಡಿಟ್ ಕಚೇರಿ ನಡೆಸುತ್ತೇವೆ. ಕಚೇರಿ ಇರುವುದು ಮ್ಯಾನ್‌ಹಾಟನ್‌ನಲ್ಲಿ, 1950ರ ದಶಕದ ಕೊನೆಗೆ ಕಟ್ಟಿದ ಗಾಜಿನ ಕಟ್ಟಡದ 11ನೇ ಮಹಡಿಯಲ್ಲಿ. ಚಳಿಗಾಲದ ಬೆಳಗ್ಗೆ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ನೀರು ನಿಂತಿರುತ್ತದೆ. ಕಿಟಕಿ ಪಕ್ಕ ಕೂತವರಿಗೆ ಮಂಡಿ ಮರಗಟ್ಟುತ್ತದೆ. ಬೇಸಿಗೆಯ ಮಧ್ಯಾಹ್ನ ಅದೇ ಜಾಗ ಬಾಣಲೆ. ಗಾಳಿ ತುಂಬಾ ಒಣ ಅಂತ ಸಹೋದ್ಯೋಗಿಯೊಬ್ಬರು ಹ್ಯೂಮಿಡಿಫೈಯರ್ ಬೇರೆ ತಂದಿಟ್ಟಿದ್ದಾರೆ. ಈಗ ಮಾಲೀಕರಿಂದ ಪತ್ರ ಬಂದಿದೆ: ಇಡೀ ಕಟ್ಟಡದ ಗಾಜು ತೆಗೆದು ಜೋಡಿ ಗಾಜು ಹಾಕುತ್ತಾರಂತೆ, ಎರಡು ವರ್ಷದ ಕೆಲಸ. ನಮ್ಮ ಲೀಸ್ ಇನ್ನೂ ಏಳು ವರ್ಷ ಇದೆ. "ಗಾಜಿನ ಆಯಸ್ಸೇ ಐವತ್ತು ವರ್ಷ, ಆ ಕಾಲದವರು ಫ್ಯಾಷನ್‌ಗೆ ಕಟ್ಟಿದ್ದು, ಒಡೆದು ಹಾಕೋದೇ ವಾಸಿ" ಅಂತ ಪಕ್ಕದ ಕಚೇರಿಯವರು ಹೇಳುತ್ತಾರೆ. ಗಾಜು ಕಳಚಿ ಬೀಳುವ ಭಯ ಇದೆಯಾ? ಫಿಲ್ಮ್ ಅಂಟಿಸಿದರೆ ಸಾಲದಾ? ಎಲ್ಲ ಗಾಜನ್ನೂ ಬದಲಿಸಿದ ಮೇಲೆ ಅದು ಅದೇ ಕಟ್ಟಡ ಅನ್ನಿಸಿಕೊಳ್ಳುತ್ತದಾ? ನನಗೆ ಈ ಕಟ್ಟಡ ಅಂದರೆ ಇಷ್ಟ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ:

ಇಂಥ ಕಟ್ಟಡಗಳ ಹೊರಗೋಡೆಯ ಕೆಲಸದಲ್ಲೇ ನಾನು ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ನಿಮ್ಮ ಪತ್ರದಲ್ಲಿ ಹಲವು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನೀರು, ಚಳಿ, ಗಾಜು ಬೀಳುವುದು, ಕಟ್ಟಿದವರ ತಪ್ಪು. ಇವು ಬೇರೆ ಬೇರೆ ವಿಷಯ, ಬೇರೆ ಬೇರೆ ಕಾರಣ. ಎಲ್ಲವನ್ನೂ ಒಟ್ಟಿಗೆ ಸೇರಿಸಿ ನೋಡಿದಾಗಲೇ "ಒಡೆದು ಹಾಕೋದು ವಾಸಿ" ಅನ್ನುವ ಮಾತು ಬರುವುದು.

ಮೊದಲು ನೀರು. ಅದು ಸೋರಿಕೆ ಅಂತ ನೀವು ಅಂದುಕೊಂಡಿರಬಹುದು. ನನಗೆ ಹಾಗೆ ಅನ್ನಿಸುತ್ತಿಲ್ಲ. ಹ್ಯೂಮಿಡಿಫೈಯರ್ ಬಗ್ಗೆ ಸುಮ್ನೆ ಒಂದು ಸಾಲು ಬರೆದಿದ್ದೀರಿ ಅಲ್ವಾ, ನನ್ನ ಕಣ್ಣು ಅಲ್ಲೇ ನಿಂತಿತು.

ನಿಮ್ಮ ಕಿಟಕಿಯಲ್ಲಿರುವುದು ಒಂಟಿ ಗಾಜು. ಹೊರಗೆ 0 ಡಿಗ್ರಿ, ಒಳಗೆ 21 ಡಿಗ್ರಿ ಇದ್ದರೆ ಒಂಟಿ ಗಾಜಿನ ಒಳಮೈ ಸುಮಾರು 5 ಡಿಗ್ರಿಗೆ ಇಳಿಯುತ್ತದೆ. ಕಚೇರಿಯ ಗಾಳಿಯಲ್ಲಿ ತೇವಾಂಶ ಶೇಕಡ 40 ಇದ್ದರೆ, 7 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಮೇಲಾದರೂ ನೀರು ಕಟ್ಟುತ್ತದೆ. ಫ್ರಿಜ್‌ನಿಂದ ತೆಗೆದಿಟ್ಟ ನೀರಿನ ಬಾಟಲಿ ಬೆವರುವುದೂ ಇದೇ ಕಾರಣಕ್ಕೆ. ರಾತ್ರಿಯೆಲ್ಲ ಗಾಜು ಬೆವರುತ್ತದೆ, ಹನಿ ಇಳಿದು ಕೆಳಗಿನ ಪಟ್ಟಿಯಲ್ಲಿ ಸೇರುತ್ತದೆ, ಬೆಳಗ್ಗೆ ನಿಮಗೆ ಕಾಣುತ್ತದೆ. ಅದು ಹೊರಗಿನಿಂದ ಬಂದ ನೀರಲ್ಲ. ನಿಮ್ಮ ಹ್ಯೂಮಿಡಿಫೈಯರ್, ಕೆಟಲ್, ಗಿಡದ ಕುಂಡ, ಕೂತವರ ಉಸಿರು, ಇವುಗಳಿಂದ ಬಂದ ನೀರು.

ಇದನ್ನು ಖಚಿತ ಮಾಡಿಕೊಳ್ಳಲು ಎಂಜಿನಿಯರ್ ಬೇಕಿಲ್ಲ. ಎರಡು ಮೂರು ವಾರ ಒಂದು ಪುಸ್ತಕದಲ್ಲಿ ದಿನಕ್ಕೆ ಒಂದು ಸಾಲು ಬರೆಯಿರಿ: ನೀರು ಇತ್ತಾ, ಯಾವ ಕಿಟಕಿ, ಹಿಂದಿನ ರಾತ್ರಿ ಮಳೆಯಾ, ಬರೀ ಚಳಿಯಾ. ಮಳೆಯಿಲ್ಲದ, ಆಕಾಶ ಶುಭ್ರವಾಗಿದ್ದ ಚಳಿಯ ರಾತ್ರಿಗಳ ನಂತರ ಎಲ್ಲ ಕಿಟಕಿಯಲ್ಲೂ ನೀರಿದ್ದರೆ ಅದು ಬೆವರು. ಗಾಳಿ ಸಮೇತ ಮಳೆ ಹೊಡೆದ ದಿನ ಒಂದೆರಡು ಕಿಟಕಿಯ ಮೂಲೆಯಲ್ಲಿ ಮಾತ್ರ ನೀರಿದ್ದರೆ ಅದು ಸೋರಿಕೆ. ಇನ್ನೊಂದು ಗುರುತೂ ಇದೆ. ಆ ನೀರನ್ನು ಬಿಳಿ ಟಿಶ್ಯೂವಿನಲ್ಲಿ ಒತ್ತಿ ತೆಗೆಯಿರಿ. ಗಾಜಿನ ಬೆವರಾದರೆ ಟಿಶ್ಯೂ ಹೆಚ್ಚುಕಮ್ಮಿ ಬೆಳ್ಳಗೇ ಇರುತ್ತದೆ, ಸ್ವಲ್ಪ ದೂಳು ಅಷ್ಟೇ. ಕೆಂಪು ಮಣ್ಣಿನ ಬಣ್ಣ ಬಂದರೆ ಆ ನೀರು ಕಬ್ಬಿಣದ ಮೇಲೆ ಹಾದು ಬಂದಿದೆ. ಕೆಂಪು ಕಂಡರೆ ಮಾತ್ರ ಫೋಟೊ ತೆಗೆದು ಅವತ್ತೇ ಕಟ್ಟಡದ ಮ್ಯಾನೇಜರ್‌ಗೆ ಕಳಿಸಿ.

ಮಂಡಿ ಮರಗಟ್ಟುವುದಕ್ಕೂ ಈ 5 ಡಿಗ್ರಿಯ ಗಾಜೇ ಕಾರಣ. ಥರ್ಮೋಸ್ಟಾಟ್ 21 ತೋರಿಸುತ್ತದೆ, ಆದರೂ ಚಳಿ ಅನ್ನುತ್ತಾರೆ, ಮ್ಯಾನೇಜರ್‌ಗೆ ಅದು ಸುಳ್ಳು ದೂರು ಅನ್ನಿಸುತ್ತದೆ. ಇಬ್ಬರೂ ಸರಿ. ಗಾಳಿ 21 ಡಿಗ್ರಿ ಇದೆ, ನಿಜ. ಆದರೆ ಮೈಯ ಶಾಖ ತಣ್ಣನೆಯ ಗಾಜಿನ ಕಡೆಗೆ ಹರಿದು ಹೋಗುತ್ತಲೇ ಇರುತ್ತದೆ. ಅದರ ಮೇಲೆ, ಗಾಜಿಗೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗಿ ಕೆಳಕ್ಕೆ ಜಾರುತ್ತದೆ, ಮೇಜಿನ ಕೆಳಗೆ ಸುಳಿಯುತ್ತದೆ. ಇದನ್ನು ತಡೆಯಲೆಂದೇ ಆ ಕಾಲದವರು ಕಿಟಕಿಯ ಕೆಳಗೆ ಉದ್ದಕ್ಕೂ ಬಿಸಿಗಾಳಿಯ ಪೆಟ್ಟಿಗೆ ಇಟ್ಟರು. ನಿಮ್ಮಲ್ಲೂ ಇರಬೇಕು. ಅದರ ಜಾಲರಿಯ ಮೇಲೆ ಫೈಲು ಪೇರಿಸಿದ್ದೀರಾ ನೋಡಿ. ಹತ್ತು ಕಚೇರಿಗೆ ಹೋದರೆ ಏಳೆಂಟರಲ್ಲಿ ಪೇರಿಸಿರುತ್ತಾರೆ. ಫೈಲು ತೆಗೆದರೆ ಬಿಸಿಗಾಳಿ ಗಾಜಿನ ಮೈ ಸವರಿಕೊಂಡು ಮೇಲೇಳುತ್ತದೆ, ಚಳಿಯೂ ಕಮ್ಮಿ, ಬೆವರೂ ಕಮ್ಮಿ. ಹ್ಯೂಮಿಡಿಫೈಯರ್ ಪೂರ್ತಿ ನಿಲ್ಲಿಸಬೇಕಿಲ್ಲ, ತೇವಾಂಶ ಶೇಕಡ 30ರ ಹತ್ತಿರ ಇರುವ ಹಾಗೆ ತಿರುಗಿಸಿಡಿ.

ಗಾಜು ಬೀಳುವ ಭಯಕ್ಕೆ ಬರೋಣ. 1979ರಲ್ಲಿ ನ್ಯೂಯಾರ್ಕಿನಲ್ಲಿ ಹಳೆಯ ಕಟ್ಟಡವೊಂದರಿಂದ ಕಳಚಿದ ತುಂಡು ಬಿದ್ದು ವಿದ್ಯಾರ್ಥಿನಿಯೊಬ್ಬಳು ಸತ್ತಳು. ಅದಾದ ಮೇಲೆ ಬಂದ ಕಾನೂನಿನ ಪ್ರಕಾರ, ಆರು ಮಹಡಿಗಿಂತ ಎತ್ತರದ ಪ್ರತಿ ಕಟ್ಟಡದ ಹೊರಮೈಯನ್ನೂ ಕೆಲವು ವರ್ಷಗಳಿಗೊಮ್ಮೆ ಅರ್ಹ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಪರೀಕ್ಷಿಸಿ ನಗರಕ್ಕೆ ವರದಿ ಕೊಡಬೇಕು. ನಿಮ್ಮ ಕಟ್ಟಡದ ಕಳೆದ ವರದಿ ಕೇಳಿ. ಅದರಲ್ಲಿ "ಅಪಾಯಕಾರಿ" ಅಂತ ಇದ್ದರೆ ಕೆಳಗಿನ ಫುಟ್‌ಪಾತಿನ ಮೇಲೆ ಮರದ ಮಾಡು ಎದ್ದಿರುತ್ತದೆ. ಮಾಡು ಇಲ್ಲ ಅಂದರೆ ಸಾಮಾನ್ಯವಾಗಿ ಅಂಥ ಸ್ಥಿತಿ ಇಲ್ಲ ಅಂತ ಅರ್ಥ.

ಗಾಜು ಬೀಳುವುದು ಅಂದ ಕೂಡಲೇ ಜನ ಬಾಸ್ಟನ್ನಿನ ಜಾನ್ ಹ್ಯಾನ್‌ಕಾಕ್ ಟವರ್ ನೆನೆಯುತ್ತಾರೆ. 60 ಅಂತಸ್ತಿನ ಕಟ್ಟಡ. 1973ರಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಗಾಜುಗಳು ಒಡೆದು ಉದುರತೊಡಗಿದವು. ಒಂದೊಂದೂ ಸುಮಾರು 225 ಕಿಲೋ. ಜಾಗ ಖಾಲಿ ಆದ ಕಡೆಯೆಲ್ಲ ಪ್ಲೈವುಡ್ ಬಡಿದರು. ಕಟ್ಟಡ ಗಾಳಿಗೆ ತೂಗಿ ಗಾಜು ಒಡೆಯಿತು ಅಂತ ಇವತ್ತಿಗೂ ಹೇಳುತ್ತಾರೆ. ಕಟ್ಟಡ ತೂಗುತ್ತಿದ್ದದ್ದು ನಿಜ, ಅದಕ್ಕೆ ಬೇರೆಯೇ ಚಿಕಿತ್ಸೆ ಮಾಡಿದರು. ಗಾಜು ಒಡೆದದ್ದು ಬೇರೆ ಕಾರಣಕ್ಕೆ. ಅದು ಜೋಡಿ ಗಾಜು. ಎರಡು ಗಾಜಿನ ನಡುವಿನ ಪಟ್ಟಿಯನ್ನು ಸೀಸದ ಬೆಸುಗೆ ಹಾಕಿ ಕೂಡಿಸಿದ್ದರು. ಆ ಬೆಸುಗೆ ತೀರಾ ಬಿಗಿ, ಒಂದಿಷ್ಟೂ ಬಾಗದು. ಬಿಸಿಲು ಚಳಿಗೆ ಗಾಜು ಹಿಗ್ಗಿ ಕುಗ್ಗಿದಾಗ, ಗಾಳಿ ತಳ್ಳಿದಾಗ, ಬೆಸುಗೆ ಬಿಡಲಿಲ್ಲ, ಗಾಜೇ ಬಿರಿಯಿತು. ಕೊನೆಗೆ 10,344 ಗಾಜುಗಳನ್ನೂ ಬದಲಿಸಿ, ಹದ ಕೊಟ್ಟ ಒಂಟಿ ಗಾಜು ಹಾಕಿದರು. ನಿಮ್ಮ ಕಟ್ಟಡಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೂ ಈ ಕಥೆ ಹೇಳಿದ್ದು ಯಾಕೆಂದರೆ, ಜೋಡಿ ಗಾಜು ಅಂದ ಮಾತ್ರಕ್ಕೆ ಕ್ಷೇಮ ಅಲ್ಲ. ಅಂಚನ್ನು ಹೇಗೆ ಕೂಡಿಸಿದ್ದಾರೆ ಅನ್ನುವುದೇ ಮುಖ್ಯ.

ಗಾಜಿನ ಆಯಸ್ಸು ಐವತ್ತು ವರ್ಷ ಅನ್ನುವ ಮಾತಿಗೂ ಇದೇ ಉತ್ತರ. ಗಾಜಿಗೆ ಮುಪ್ಪು ಬರುವುದಿಲ್ಲ. ಗಾಜನ್ನು ಹಿಡಿದ ಅಂಚಿಗೆ, ಸಂದು ಮುಚ್ಚಲು ಹಚ್ಚಿದ ಸೀಲಂಟ್‌ಗೆ, ಒಳಗಿನ ಕಬ್ಬಿಣಕ್ಕೆ ಬರುತ್ತದೆ. ನಿಮಗೀಗ ಹಾಕುವ ಹೊಸ ಜೋಡಿ ಗಾಜಿನ ಅಂಚಿನ ಸೀಲ್ ಸಾಮಾನ್ಯವಾಗಿ 20ರಿಂದ 30 ವರ್ಷ ಬಾಳುತ್ತದೆ. ಆಮೇಲೆ ಎರಡು ಗಾಜಿನ ನಡುವೆ ಮಂಜು ಕೂರುತ್ತದೆ, ಒರೆಸಲು ಆಗುವುದಿಲ್ಲ. ಅಂದರೆ ಈಗ ತೆಗೆಯುತ್ತಿರುವ ಹಳೆಯ ಒಂಟಿ ಗಾಜಿಗಿಂತ ಹೊಸದರ ಆಯಸ್ಸೇ ಕಮ್ಮಿ.

ಹಾಗಾದರೆ ಕಟ್ಟಿದವರ ತಪ್ಪೇನೂ ಇಲ್ಲವಾ? ಇದೆ. ಆದರೆ ಪಕ್ಕದ ಕಚೇರಿಯವರು ಹೇಳಿದ ತಪ್ಪಲ್ಲ. ಇದಕ್ಕೆ ನಿಮ್ಮ ಕಚೇರಿಯಿಂದ ನಡೆದೇ ಹೋಗಿ ನೋಡಬಹುದಾದ ಕಟ್ಟಡ ಇದೆ, 390 ಪಾರ್ಕ್ ಅವೆನ್ಯೂ, ಲಿವರ್ ಹೌಸ್.

1952ರಲ್ಲಿ ಮುಗಿದದ್ದು. ಎಸ್‌ಒಎಂ ಅನ್ನುವ ಆರ್ಕಿಟೆಕ್ಟ್ ಸಂಸ್ಥೆಯ ಗಾರ್ಡನ್ ಬನ್‌ಶಾಫ್ಟ್ ಮತ್ತು ನಟಾಲಿ ಡಿ ಬ್ಲೊವಾ ಅವರ ವಿನ್ಯಾಸ. ಸುತ್ತ ಕಲ್ಲು ಇಟ್ಟಿಗೆಯ ಭಾರಿ ಕಟ್ಟಡಗಳಿದ್ದ ಬೀದಿಯಲ್ಲಿ ಹಸಿರು ನೀಲಿ ಗಾಜಿನ ತೆಳ್ಳನೆಯ ಹಲಗೆಯೊಂದು ಎದ್ದು ನಿಂತಿತು. ಆಗಿನ ನಗರ ಕಾನೂನಿನ ಪ್ರಕಾರ ಕಟ್ಟಡ ಮೇಲೆ ಹೋದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯಬೇಕಿತ್ತು. ಆದರೆ ಗೋಪುರ ನಿವೇಶನದ ಕಾಲು ಭಾಗವನ್ನಷ್ಟೇ ಆಕ್ರಮಿಸಿದರೆ ಎಷ್ಟೆತ್ತರಕ್ಕಾದರೂ ನೆಟ್ಟಗೆ ಹೋಗಬಹುದಿತ್ತು. ಬೇರೆಯವರು ಬಾಡಿಗೆ ಜಾಗ ಬಿಡಲು ಒಪ್ಪುತ್ತಿರಲಿಲ್ಲ. ಸೋಪು ಕಂಪನಿಯಾದ ಲಿವರ್ ಒಪ್ಪಿತು. ಕಿಟಕಿ ತೆರೆಯುವ ಹಾಗಿಲ್ಲ, ಎಲ್ಲ ಮುಚ್ಚಿದ ಗಾಜು. ಅದನ್ನು ತೊಳೆಯಲು ಚಾವಣಿಯಿಂದ ಇಳಿಯುವ ತೊಟ್ಟಿಲು. ಸೋಪು ಮಾರುವವರ ಕಟ್ಟಡ ಸದಾ ತೊಳೆದ ಹಾಗೆ ಹೊಳೆಯಬೇಕು ಅಲ್ವಾ.

ತೊಂದರೆ ಇದ್ದದ್ದು ಕಣ್ಣಿಗೆ ಕಾಣದ ಕಡೆ. ಹೊರಗೆ ಕಾಣುವ ಪಟ್ಟಿಗಳು ಸ್ಟೇನ್‌ಲೆಸ್ ಸ್ಟೀಲು. ಅದರ ಒಳಗೆ ಗಾಜನ್ನು ಹಿಡಿದ ಚೌಕಟ್ಟು ಸಾಧಾರಣ ಕಬ್ಬಿಣ. ವರ್ಷಗಳು ಹೋದ ಹಾಗೆ ಸಂದುಗಳಿಂದ ನೀರು ಒಳಗಿಳಿಯಿತು. ಒಳಗಿಳಿದ ನೀರು ಹೊರಗೆ ಹೋಗಲು ಸರಿಯಾದ ದಾರಿ ಇರಲಿಲ್ಲ. ಕಬ್ಬಿಣ ತುಕ್ಕು ಹಿಡಿಯಿತು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಜಾಗ ಇಲ್ಲದ ಕಡೆ ಅದು ಊದಿ, ಅಡ್ಡ ಪಟ್ಟಿಗಳನ್ನು ಬಗ್ಗಿಸಿ, ಗಾಜನ್ನು ಒತ್ತಿ ಒಡೆಯಿತು. ಒಡೆದಾಗಲೆಲ್ಲ ಹೊಸ ಗಾಜು ಹಾಕಿದರು, ಬಣ್ಣ ಸರಿಯಾಗಿ ಕೂಡಲಿಲ್ಲ, ಮುಖ ತೇಪೆ ತೇಪೆಯಾಯಿತು. 1990ರ ದಶಕದ ಮಧ್ಯದ ಹೊತ್ತಿಗೆ ಮೂಲ ಗಾಜು ಉಳಿದದ್ದು ಶೇಕಡ 1 ಮಾತ್ರ.

ಈ ತುಕ್ಕನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಅದೇ ಕಾಲದ ಇನ್ನೊಂದು ಕಟ್ಟಡದಲ್ಲಿ. ಹೊರಗಿನ ಸ್ಟೀಲ್ ಪಟ್ಟಿ ಕನ್ನಡಿಯ ಹಾಗಿತ್ತು, ಒಂದು ಗೀರೂ ಇಲ್ಲ. ತಿರುಪು ಬಿಚ್ಚಿ ಅದನ್ನು ಎಳೆದೆವು. ಒಳಗಿನ ಕಬ್ಬಿಣದ ಕೊನೆ ಚಿರೋಟಿಯ ಹಾಗೆ ಪದರ ಪದರ ಬಿಚ್ಚಿಕೊಂಡಿತ್ತು. ಉಗುರಿನಲ್ಲಿ ಮುಟ್ಟಿದರೆ ಪದರ ಉದುರುತ್ತಿತ್ತು. ಒಂದು ಅಡಿ ಮೇಲಕ್ಕೆ ಅದೇ ಕಬ್ಬಿಣ ಗಟ್ಟಿ, ಕಾರ್ಖಾನೆಯ ಬಣ್ಣ ಕೂಡ ಮಾಸಿರಲಿಲ್ಲ. ನೀರು ನಿಲ್ಲುತ್ತಿದ್ದ ಆ ಒಂದು ಅಡಿ ಮಾತ್ರ ಹೋಗಿತ್ತು. ಅವತ್ತಿನಿಂದ ನಾನು ಯಾವ ಹಳೆಯ ಕಟ್ಟಡವನ್ನೂ ಹೊರಗಿನ ಹೊಳಪು ನೋಡಿ ನಂಬಿಲ್ಲ, ಹೊರಗಿನ ಕೊಳೆ ನೋಡಿ ಕೈಬಿಟ್ಟೂ ಇಲ್ಲ. ಒಂದು ಪಟ್ಟಿ ಬಿಚ್ಚಿ ನೋಡದೆ ಯಾರಾದರೂ "ಪೂರ್ತಿ ಬದಲಿಸಬೇಕು" ಅಥವಾ "ಏನೂ ಆಗಿಲ್ಲ" ಅಂದರೆ ಎರಡನ್ನೂ ಒಪ್ಪಬೇಡಿ.

ಆ ಕಾಲದ ಕೈಗೆ ಸಿಕ್ಕ ಸಾಮಗ್ರಿಯನ್ನೂ ನೆನೆಯಬೇಕು. ಇವತ್ತು ನಾವು ಧಾರಾಳವಾಗಿ ಹಚ್ಚುವ ಸಿಲಿಕೋನ್ ಕಟ್ಟಡಗಳಿಗೆ ಬಂದದ್ದು 1960ರ ದಶಕದಲ್ಲಿ. ಅದಕ್ಕೂ ಮೊದಲು ಎಣ್ಣೆಯ ಪುಟ್ಟಿ, ಆಗಷ್ಟೇ ಬಂದ ರಬ್ಬರಿನಂಥ ಸೀಲಂಟ್‌ಗಳು. ಕೆಲವರು ಕಾರಿನ ಗಾಜು ಕೂರಿಸುವ ವಿದ್ಯೆಯನ್ನೇ ಕಟ್ಟಡಕ್ಕೆ ತಂದರು. ಮಿಷಿಗನ್‌ನಲ್ಲಿ ಜನರಲ್ ಮೋಟಾರ್ಸ್‌ನ ತಾಂತ್ರಿಕ ಕೇಂದ್ರ ಕಟ್ಟುವಾಗ ಆರ್ಕಿಟೆಕ್ಟ್ ಈರೋ ಸಾರಿನೆನ್ ಗಾಜಿನ ಸುತ್ತ ನಿಯೊಪ್ರೀನ್ ಗ್ಯಾಸ್ಕೆಟ್, ಅಂದರೆ ಒಂದು ಬಗೆಯ ರಬ್ಬರ್ ಪಟ್ಟಿ, ಹಾಕಿಸಿದರು. ಮೊದಲ ಸಲ ಮಾಡುವವರ ಕೆಲಸ ಹಾಗೇ. ಕೆಲವು ನಿಂತವು, ಕೆಲವು ಸೋರಿದವು.

ಆದರೆ ಬಿಸಿಲಿನ ವಿಷಯದಲ್ಲಿ ನಾನು ಅವರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅಲ್ಲಿ ಗೊತ್ತಿದ್ದೂ ಮಾಡಿದ ತಪ್ಪಿದೆ. ಈಸ್ಟ್ ನದಿ ದಡದ ವಿಶ್ವಸಂಸ್ಥೆಯ ಸೆಕ್ರೆಟೇರಿಯಟ್ ನೋಡಿ. 1950, 39 ಅಂತಸ್ತು. ಅಗಲದ ಎರಡು ಮುಖ ಪೂರ್ವಕ್ಕೂ ಪಶ್ಚಿಮಕ್ಕೂ, ಪೂರ್ತಿ ಗಾಜು. ಕಿರಿದಾದ ಉತ್ತರ ದಕ್ಷಿಣದ ಮುಖಗಳಿಗೆ ಅಮೃತಶಿಲೆ. ಬಿಸಿಲಿನ ಲೆಕ್ಕದಲ್ಲಿ ಪೂರ್ತಿ ತಿರುಗುಮುರುಗು. ವಿನ್ಯಾಸ ತಂಡದಲ್ಲಿದ್ದ ಲ ಕಾರ್ಬೂಸಿಯೆ, ಗಾಜಿನ ಮುಂದೆ ಬಿಸಿಲು ತಡೆಯುವ ಹಲಗೆಗಳು ಬೇಕೇ ಬೇಕು ಅಂತ ಹಟ ಹಿಡಿದರು. ನ್ಯೂಯಾರ್ಕಿನವರು ಒಪ್ಪಲಿಲ್ಲ, ಏರ್ ಕಂಡೀಷನ್ ನೋಡಿಕೊಳ್ಳುತ್ತದೆ ಅಂದರು. ಪಶ್ಚಿಮದ ಕೋಣೆಗಳು ಕಾದವು, ಆಮೇಲೆ ಗಾಜಿಗೆ ಫಿಲ್ಮ್ ಅಂಟಿಸಿದರು, ಕಟ್ಟಡದ ಬಣ್ಣವೇ ಬದಲಾಯಿತು. ಕೊನೆಗೆ ಈ ಶತಮಾನದ ಎರಡನೇ ದಶಕದ ಆರಂಭದಲ್ಲಿ ಇಡೀ ಗಾಜಿನ ಗೋಡೆ ಹೊಸದಾಯಿತು. ನ್ಯೂಯಾರ್ಕಿನಲ್ಲಿ ಮಾಡಲಾಗದ್ದನ್ನು ಲ ಕಾರ್ಬೂಸಿಯೆ ನಮ್ಮ ಚಂಡೀಗಡದಲ್ಲಿ ಮಾಡಿದರು. ಅಲ್ಲಿನ ಸೆಕ್ರೆಟೇರಿಯಟ್‌ನ ಕಾಂಕ್ರೀಟ್ ಗೂಡುಗಳ ಆಳದಲ್ಲಿ ಕಿಟಕಿ ನೆರಳಲ್ಲಿ ಕೂತಿರುತ್ತದೆ. ಹಾಸನದ ನಿಮ್ಮ ಮನೆಯ ಕಿಟಕಿಗೂ ಒಂದು ಸಜ್ಜಾ ಇದ್ದಿರಬೇಕು. ಅದೇ ತಿಳಿವಳಿಕೆ.

ಏರ್ ಕಂಡೀಷನ್, ಟ್ಯೂಬ್‌ಲೈಟ್, ಅಗ್ಗದ ವಿದ್ಯುತ್. ಈ ಮೂರು ಕೂಡಿ ಬಂದದ್ದರಿಂದ ಒಂಟಿ ಗಾಜು ಆಗ ತಪ್ಪು ಅನ್ನಿಸಲಿಲ್ಲ. 1973ರ ತೈಲ ಬಿಕ್ಕಟ್ಟು ಬಂದಾಗ ಲೆಕ್ಕ ತಲೆಕೆಳಗಾಯಿತು. ಪಾರ್ಕ್ ಅವೆನ್ಯೂದಲ್ಲೇ ಇರುವ, ಎಲ್ಲರೂ ಮೆಚ್ಚುವ ಸೀಗ್ರಾಮ್ ಕಟ್ಟಡಕ್ಕೆ, ನಾನೂ ತುಂಬಾ ಪ್ರೀತಿಸುವ ಕಟ್ಟಡ ಅದು, 2012ರಲ್ಲಿ ಇಂಧನ ಉಳಿತಾಯದಲ್ಲಿ ಸಿಕ್ಕ ಅಂಕ 100ಕ್ಕೆ 3. ಪ್ರೀತಿ ಇದೆ ಅಂತ ಈ ಅಂಕವನ್ನು ಮುಚ್ಚಿಡಲಾರೆ.

ಈಗ ನಿಮ್ಮ ಮುಂದಿರುವ ದಾರಿಗಳು. ಮಾಲೀಕರು ಸುಮ್ನೆ ಖರ್ಚು ಮಾಡುತ್ತಿಲ್ಲ, ಅದು ಗೊತ್ತಿರಲಿ. ನ್ಯೂಯಾರ್ಕ್ ನಗರದ 2019ರ ಕಾನೂನು 25,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳು ಬಿಡುವ ಇಂಗಾಲಕ್ಕೆ ಮಿತಿ ಹಾಕಿದೆ. 2024ರಿಂದ ಲೆಕ್ಕ ಶುರು, 2030ರಿಂದ ಮಿತಿ ಇನ್ನೂ ಬಿಗಿ. ಮೀರಿದ ಪ್ರತಿ ಟನ್‌ಗೆ ವರ್ಷಕ್ಕೆ 268 ಡಾಲರ್ ದಂಡ. ಒಂಟಿ ಗಾಜಿನ ಮಾಲೀಕರ ನಿದ್ದೆ ಕೆಟ್ಟಿರುವುದು ಅದಕ್ಕೆ.

ನೀವು ಕೇಳಿದ ಫಿಲ್ಮ್ ಎಲ್ಲಕ್ಕಿಂತ ಅಗ್ಗ. ಬೇಸಿಗೆಯ ಬಿಸಿಲಿಗೆ ಪ್ರಯೋಜನ ಇದೆ. ಆದರೆ ನಿಮ್ಮ ಮುಖ್ಯ ದೂರು ಚಳಿಗಾಲದ್ದು, ಅಲ್ಲಿ ಅದರಿಂದ ಸಿಗುವುದು ಕಮ್ಮಿ. ಅಪಾಯವೂ ಇದೆ. ಆ ಕಾಲದ ಬಣ್ಣದ ಗಾಜು ಮೊದಲೇ ಬಿಸಿಲು ಹೀರಿಕೊಳ್ಳುತ್ತದೆ. ಮೇಲೆ ಫಿಲ್ಮ್ ಬಂದರೆ ಗಾಜಿನ ನಡುಭಾಗ ಇನ್ನೂ ಕಾಯುತ್ತದೆ, ಚೌಕಟ್ಟಿನೊಳಗೆ ಹುದುಗಿದ ಅಂಚು ತಣ್ಣಗೇ ಇರುತ್ತದೆ. ಆ ವ್ಯತ್ಯಾಸಕ್ಕೆ ಗಾಜು ಅಂಚಿನಿಂದ ಬಿರುಕು ಬಿಡುತ್ತದೆ. ಶಾಖ ಒಳಗೇ ಉಳಿಸುವ ಫಿಲ್ಮ್ ಆದರೆ ಚಳಿಗಾಲದಲ್ಲಿ ಗಾಜಿನ ಮೈ ಇನ್ನೂ ತಣ್ಣಗಾಗಿ ಬೆವರು ಜಾಸ್ತಿ ಆಗಬಹುದು. ನಿಮ್ಮ ಮಹಡಿಗೆ ಮಾತ್ರ ನೀವೇ ಅಂಟಿಸಿಕೊಳ್ಳಬೇಡಿ, ಒಡೆದರೆ ಹೊಣೆ ನಿಮ್ಮ ಮೇಲೆ ಬರುತ್ತದೆ.

ಎರಡನೆಯದು, ಹಳೆಯ ಗಾಜನ್ನು ಹಾಗೇ ಬಿಟ್ಟು ಒಳಗಡೆ ಇನ್ನೊಂದು ಕಿಟಕಿ ಕೂರಿಸುವುದು. ಹೊರಗಿನ ರೂಪ ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ಸಾರುವೆ ಕಟ್ಟಬೇಕಿಲ್ಲ. ಕಬ್ಬಿಣ ಗಟ್ಟಿ ಇರುವ ಕಟ್ಟಡಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ಒಳಕಿಟಕಿ ಗಾಳಿ ಆಡದ ಹಾಗೆ ಬಿಗಿಯಾಗಿ ಕೂರಬೇಕು. ಹಿಂದೆ ನನಗೊಂದು ಕೆಲಸದಲ್ಲಿ ಇದೇ ಕೈಕೊಟ್ಟಿತು. ಗುತ್ತಿಗೆದಾರರು ರಬ್ಬರ್ ಪಟ್ಟಿಯನ್ನು ಮೂಲೆಗಳಲ್ಲಿ ಕತ್ತರಿಸಿ ಕೂಡಿಸಿದ್ದರು, ನಾನು ಎಲ್ಲ ಮೂಲೆಯನ್ನೂ ನೋಡಲಿಲ್ಲ. ಕಚೇರಿಯ ತೇವದ ಗಾಳಿ ಆ ಸಣ್ಣ ಸಂದಿಯಿಂದ ನುಸುಳಿ, ಈಗ ಮೊದಲಿಗಿಂತ ತಣ್ಣಗಿದ್ದ ಹಳೆಯ ಗಾಜಿಗೆ ತಾಗಿ, ಯಾರೂ ಒರೆಸಲಾರದ ಜಾಗದಲ್ಲಿ ನೀರಾಗಿ ಇಳಿಯುತ್ತಿತ್ತು. ನೇರ ಕಬ್ಬಿಣದ ಮೇಲೆ. ಎರಡು ಚಳಿಗಾಲ ಕಳೆದ ಮೇಲೆ ಗೊತ್ತಾಯಿತು. ಎಲ್ಲವನ್ನೂ ಬಿಚ್ಚಿ ಮತ್ತೆ ಮಾಡಬೇಕಾಯಿತು.

ಮೂರನೆಯದು ನಿಮ್ಮ ಮಾಲೀಕರು ಹೇಳುತ್ತಿರುವುದು, ಪೂರ್ತಿ ಬದಲಾವಣೆ. ಒಳಗಿನ ಕಬ್ಬಿಣ ಚಿರೋಟಿಯಾಗಿದ್ದರೆ ಬೇರೆ ದಾರಿಯೇ ಇಲ್ಲ. ಲೇಪನ ಇರುವ ಜೋಡಿ ಗಾಜು ಬಂದರೆ, ಹೊರಗೆ 0 ಡಿಗ್ರಿ ಇದ್ದಾಗಲೂ ಒಳಮೈ ಸುಮಾರು 16 ಡಿಗ್ರಿ ಇರುತ್ತದೆ. ನಿಮ್ಮ ಮಂಡಿಗೆ ಆ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ತೂಕದ ಕಡೆ ಗಮನ ಬೇಕು. 6 ಮಿಲಿಮೀಟರ್ ಗಾಜು ಒಂದು ಚದರ ಮೀಟರ್‌ಗೆ 15 ಕಿಲೋ, ಜೋಡಿ ಆದರೆ 30. ನೆಲದ ಚಪ್ಪಡಿಗೆ ಗೋಡೆಯನ್ನು ಕಚ್ಚಿ ಹಿಡಿದ ಹಳೆಯ ಕೊಂಡಿಗಳು ಅದನ್ನು ಹೊರಬೇಕು. ಆ ಕೊಂಡಿಗಳ ಪಕ್ಕದಲ್ಲೇ ಬೆಂಕಿ ತಡೆಗೆ ಸಿಂಪಡಿಸಿದ ಕಲ್ನಾರು ಇರಬಹುದು. ಅಮೆರಿಕದಲ್ಲಿ ಅದರ ಸಿಂಪಡಣೆ ನಿಂತದ್ದು 1973ರಲ್ಲಿ. ಹಳೆಯ ಸೀಲಂಟ್‌ನಲ್ಲಿ ಪಿಸಿಬಿ ಅನ್ನುವ ವಿಷವೂ ಇರಬಹುದು. ಕಲ್ನಾರು ಮುಟ್ಟದೆ ಇದ್ದರೆ ಅಪಾಯ ಕಮ್ಮಿ, ಕೆದಕಿದಾಗ ದೂಳಾಗಿ ಹಾರುತ್ತದೆ. ನಿಮ್ಮ ಮಹಡಿಯ ಕೆಲಸ ನಡೆಯುವಾಗ ನೀವು ಅಲ್ಲೇ ಕೂತಿರಬೇಕಾ, ಬೇರೆ ಮಹಡಿ ಕೊಡುತ್ತಾರಾ, ಗಾಳಿ ಪರೀಕ್ಷೆ ಯಾರು ಮಾಡುತ್ತಾರೆ? ಇದನ್ನು ಈಗಲೇ ಬರಹದಲ್ಲಿ ಕೇಳಿ. ಏಳು ವರ್ಷದ ಲೀಸ್‌ನಲ್ಲಿ ಎರಡು ವರ್ಷ ದೂಳು ಸದ್ದಿನಲ್ಲೇ ಹೋದರೆ ಬಾಡಿಗೆ ಕಡಿತ ಕೇಳುವ ಹಕ್ಕು ಲೀಸ್‌ನಲ್ಲಿ ಇದೆಯಾ ಅಂತ ವಕೀಲರಿಗೂ ತೋರಿಸಿ.

ಇನ್ನೊಂದು ದಾರಿ, ಹಳೆಯ ಮುಖ ಕಿತ್ತು ಪೂರ್ತಿ ಬೇರೆಯೇ ಮುಖ ಹಾಕುವುದು. ಫಿಫ್ತ್ ಅವೆನ್ಯೂದಲ್ಲಿ 666ನೇ ನಂಬರಿನ 1957ರ ಕಟ್ಟಡಕ್ಕೆ ಉಬ್ಬು ಚಿತ್ತಾರದ ಅಲ್ಯೂಮಿನಿಯಂ ಹಲಗೆಗಳಿದ್ದವು. ಅದನ್ನೆಲ್ಲ ತೆಗೆದು ಭಾರಿ ಗಾತ್ರದ ಗಾಜು ಕೂರಿಸಿದರು, ನಂಬರನ್ನೂ 660 ಮಾಡಿದರು. ಒಳಗೆ ಕೂತವರಿಗೆ ಒಳ್ಳೆಯದೇ ಆಗಿದೆ. ಆದರೆ ಬೀದಿಯಲ್ಲಿ ನಿಂತವರಿಗೆ 1957 ಇನ್ನು ಕಾಣುವುದಿಲ್ಲ.

ಒಡೆದು ಹಾಕುವುದರ ಬಗ್ಗೆ ನನ್ನ ಮಾತು ಸ್ವಲ್ಪ ಖಾರ. 270 ಪಾರ್ಕ್ ಅವೆನ್ಯೂದಲ್ಲಿ ಯೂನಿಯನ್ ಕಾರ್ಬೈಡ್ ಕಟ್ಟಡ ಇತ್ತು. 1960ರದ್ದು, 52 ಅಂತಸ್ತು, 215 ಮೀಟರ್, ಅದೂ ಬನ್‌ಶಾಫ್ಟ್ ಮತ್ತು ನಟಾಲಿ ಡಿ ಬ್ಲೊವಾ ಅವರದ್ದೇ. 2012ರ ಹೊತ್ತಿಗೆ ಅದನ್ನು ನವೀಕರಿಸಿ, ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ದರ್ಜೆ ಪಡೆದರು. ಹತ್ತು ವರ್ಷ ಆಗುವುದರೊಳಗೆ ಬಿಚ್ಚಿ ಹಾಕಿದರು. ಅಲ್ಲಿಯವರೆಗೆ ಜಗತ್ತಿನಲ್ಲಿ ಅಷ್ಟು ಎತ್ತರದ ಕಟ್ಟಡವನ್ನು ಮಾಲೀಕರೇ ಕೆಡವಿದ್ದಿಲ್ಲ. ಉಕ್ಕು, ಕಾಂಕ್ರೀಟು ತಯಾರಾಗುವಾಗ ಸುಟ್ಟ ಕಲ್ಲಿದ್ದಲು ಮರಳಿ ಬರುವುದಿಲ್ಲ. ನಿಮ್ಮ ಕಟ್ಟಡದ ಉಕ್ಕಿನ ಕಂಬ ತೊಲೆಗಳು ಒಳಗೆ ಬೆಚ್ಚಗೆ, ಒಣಗಿಯೇ ಇವೆ. ಅವಕ್ಕೆ ಏನೂ ಆಗಿರುವ ಸಂಭವ ಕಮ್ಮಿ. ಚರ್ಮಕ್ಕೆ ಬಂದ ಕಾಯಿಲೆಗೆ ಮೂಳೆ ಎಸೆಯುವುದು ನನಗೆ ಯಾವ ಲೆಕ್ಕದಲ್ಲೂ ಸರಿ ಕಾಣುವುದಿಲ್ಲ.

ಕೊನೆಗೆ ನೀವು ಕೇಳಿದ್ದು, ಗಾಜೆಲ್ಲ ಹೊಸದಾದ ಮೇಲೆ ಅದೇ ಕಟ್ಟಡವಾ ಅಂತ. ಲಿವರ್ ಹೌಸನ್ನು 1980ರ ದಶಕದ ಆರಂಭದಲ್ಲಿ ಕೆಡವಲು ಹೊರಟಿದ್ದರು. ಮೂವತ್ತು ವರ್ಷ ತುಂಬಿದ ಕೂಡಲೇ ಅದಕ್ಕೆ ಸಂರಕ್ಷಿತ ಕಟ್ಟಡದ ಸ್ಥಾನ ಸಿಗಲಿ ಅಂತ ಜಾಕಲೀನ್ ಕೆನಡಿ ಒನಾಸಿಸ್ ಅವರೂ ದನಿ ಎತ್ತಿದರು. ಕಟ್ಟಡ ಉಳಿಯಿತು. ಮುಂದೆ 2001ರ ಹೊತ್ತಿಗೆ ಎಸ್‌ಒಎಂ ಸಂಸ್ಥೆಯೇ ಅದರ ಇಡೀ ಗಾಜಿನ ಗೋಡೆ ಬದಲಿಸಿತು. ಒಳಗಿನ ಕಬ್ಬಿಣದ ಬದಲು ಅಲ್ಯೂಮಿನಿಯಂ, ಹೊರಗೆ ಅದೇ ಅಗಲದ ಸ್ಟೇನ್‌ಲೆಸ್ ಪಟ್ಟಿ, ಅದೇ ಬಣ್ಣದ ಗಾಜು. ನಾನು ಅದನ್ನು ಅದೇ ಕಟ್ಟಡ ಅಂತಲೇ ನೋಡುತ್ತೇನೆ. ದೇವಸ್ಥಾನದ ತೇರಿಗೆ ಹೊಸ ಗಾಲಿ ಹಾಕುವುದಿಲ್ವಾ, ಹಾಗೆ.

ಆದರೆ ಎಲ್ಲ ಕಡೆ ಹಾಗಾಗುವುದಿಲ್ಲ. ಈ ಕಟ್ಟಡಗಳಲ್ಲಿ ಕೆತ್ತನೆ ಇಲ್ಲ, ಕಮಾನು ಇಲ್ಲ. ಇರುವುದು ಗೆರೆ ಮಾತ್ರ. ಸೀಗ್ರಾಮ್‌ನ ಮೈ ಮೇಲೆ ಉದ್ದಕ್ಕೆ ಹರಿಯುವ ಕಂಚಿನ ತೊಲೆಗಳು ಭಾರ ಹೊರುವುದಿಲ್ಲ. ಭಾರ ಹೊರುವ ಉಕ್ಕನ್ನು ಬೆಂಕಿಯ ಕಾನೂನಿಗಾಗಿ ಕಾಂಕ್ರೀಟಿನಲ್ಲಿ ಮುಚ್ಚಬೇಕಾಗಿ ಬಂತು. ಒಳಗಿರುವುದನ್ನು ಹೊರಗೆ ತೋರಿಸಲು ಅದರ ಆರ್ಕಿಟೆಕ್ಟ್ ಮೀಸ್ ವಾನ್ ಡೆರ್ ರೋ ಆ ಗೆರೆ ಎಳೆದರು. ಅದು ಹಸಿರು ಹಿಡಿಯದಿರಲಿ ಅಂತ ಕಂಚಿಗೆ ಇಂದಿಗೂ ಎಣ್ಣೆ ಒರೆಸುತ್ತಾರೆ. ಕಿಟಕಿಯ ಪರದೆ ಕೂಡ ಮೂರೇ ಹಂತದಲ್ಲಿ ನಿಲ್ಲುವ ಹಾಗೆ ಮಾಡಿದರು, ಪೂರ್ತಿ ಮೇಲೆ, ಅರ್ಧ, ಪೂರ್ತಿ ಕೆಳಗೆ, ಹೊರಗಿನ ಗೆರೆ ಕೆಡಬಾರದು ಅಂತ. ಇಂಥ ಕಟ್ಟಡದಲ್ಲಿ ಎರಡೂವರೆ ಇಂಚಿನ ಪಟ್ಟಿ ನಾಲ್ಕು ಇಂಚಾದರೆ ಮುಖವೇ ಬೇರೆ, ದಪ್ಪ ಫ್ರೇಮಿನ ಕನ್ನಡಕ ಹಾಕಿಸಿದ ಹಾಗೆ. ಜೋಡಿ ಗಾಜಿನ ಅಂಚನ್ನು ಮುಚ್ಚಲು ಹೆಚ್ಚಿಗೆ ಅಗಲ ಬೇಕಾಗುತ್ತದೆ, ಗುತ್ತಿಗೆದಾರರಿಗೆ ಸುಲಭ ದಾರಿ ಪಟ್ಟಿಯನ್ನು ದಪ್ಪ ಮಾಡುವುದು. ಕಷ್ಟದ ದಾರಿಯೂ ಇದೆ, ಖರ್ಚು ಜಾಸ್ತಿ, ಆದರೆ ಆಗುತ್ತದೆ. ಇನ್ನೊಂದು ವಿಷಯ ಪ್ರತಿಬಿಂಬ. ಜೋಡಿ ಗಾಜಿನ ನಡುವಿನ ಗಾಳಿ ಹಿಗ್ಗಿ ಕುಗ್ಗಿದಾಗ ಗಾಜು ದಿಂಬಿನ ಹಾಗೆ ಸ್ವಲ್ಪ ಉಬ್ಬುತ್ತದೆ, ಎದುರಿನ ಕಟ್ಟಡದ ಬಿಂಬ ಅಲೆಯಲೆಯಾಗಿ ಕಾಣುತ್ತದೆ. ದಪ್ಪ ಗಾಜು ಹಾಕಿದರೆ ಇದು ಕಮ್ಮಿ.

ಮಾಲೀಕರ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಎಷ್ಟು ಕಡೆ ಪಟ್ಟಿ ಬಿಚ್ಚಿ ಒಳಗಿನ ಕಬ್ಬಿಣ ನೋಡಿದ್ದೀರಿ, ಫೋಟೊ ಎಲ್ಲಿ? ಹಳೆಯ ಪಟ್ಟಿಯ ಅಗಲ ಎಷ್ಟು, ಹೊಸದರ ಅಗಲ ಎಷ್ಟು, ಮಿಲಿಮೀಟರ್‌ನಲ್ಲಿ? ಮಾದರಿ ಗೋಡೆಯನ್ನು ಪರೀಕ್ಷಾಲಯದಲ್ಲಿ ನೀರು ಹೊಡೆದು ನೋಡುತ್ತೀರಾ? ಆ ಪರೀಕ್ಷೆಗೆ ವಿಮಾನದ ಪ್ರೊಪೆಲ್ಲರ್ ಇಟ್ಟು ಬಿರುಗಾಳಿ ಎಬ್ಬಿಸುತ್ತಾರೆ, ಒಳಗಡೆ ನನ್ನಂಥವರು ಟಾರ್ಚ್ ಹಿಡಿದು ಮೊದಲ ಹನಿ ಎಲ್ಲಿ ಮೂಡುತ್ತದೆ ಅಂತ ಕಾಯುತ್ತೇವೆ. ಅಲ್ಲಿ ಸೋರಿದರೆ ಒಳ್ಳೆಯದು, ಸರಿ ಮಾಡಲು ಇನ್ನೂ ಸಮಯ ಇರುತ್ತದೆ.

ಆಮೇಲೆ, ಕೆಲಸ ಶುರುವಾಗುವ ಮೊದಲು ಖಾಲಿ ಮಹಡಿಯೊಂದರಲ್ಲಿ ಎರಡು ಕಿಟಕಿಯಷ್ಟು ಹೊಸ ಗೋಡೆ ಕೂರಿಸಿ ತೋರಿಸಲು ಒತ್ತಾಯಿಸಿ. ಒಪ್ಪಿದರೆ ಒಂದು ದಿನ ಮಧ್ಯಾಹ್ನ ನಾಲ್ಕಕ್ಕೆ ಕೆಳಗಿಳಿದು, ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿ. ಆ ಎರಡು ಕಿಟಕಿ ಯಾವುದು ಅಂತ ನಿಮ್ಮ ಕಣ್ಣಿಗೆ ಕೂಡಲೇ ಸಿಕ್ಕಿಬಿಟ್ಟರೆ ಬಣ್ಣವೋ ಪಟ್ಟಿಯೋ ಸರಿಯಿಲ್ಲ. ಅವತ್ತೇ ಬರೆದು ತಿಳಿಸಿ. ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡಲು ಸಿಗುವುದು ಆ ಕೆಲವು ವಾರ ಮಾತ್ರ.